ಮೊದಲು ವರ್ಬ್, ಆಮೇಲೆ ಆಡ್ವರ್ಬ್

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವಾಗ ನಾನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. 'ಕೆಲಸವನ್ನು ಹೇಳುವ ಪದವೇ ವರ್ಬ್' ಎಂದು ಬಾಯಿಪಾಠ ಮಾಡಿದವರು 'ಇಸ್', 'ಸೀಮ್' ಬಂದಲ್ಲಿ ತಡವರಿಸುತ್ತಾರೆ. ಅಲ್ಲಿ ಕೆಲಸವೇ ಕಾಣುವುದಿಲ್ಲವಲ್ಲ. ಜೊತೆಗೆ, 'ಇದು ನನ್ನ ಮನೆ' ಎನ್ನಲು ಕನ್ನಡದಲ್ಲಿ ಕ್ರಿಯಾಪದ ಬೇಡ. ತುಳುವಿನ 'ಉಂದು ಎನ್ನ ಇಲ್ಲ್' ಕೂಡ ಹಾಗೆಯೇ. ಆದರೆ ಇಲ್ಲಿನ ಮಕ್ಕಳಿಗೆ ಮಲಯಾಳವೂ ಗೊತ್ತು. 'ಇದ್ ಎಂಡೆ ವೀಡಾಣ್' ಎಂಬುದರ ಕೊನೆಯ 'ಆಣ್' ತೋರಿಸಿ, ಇಂಗ್ಲಿಷಿನ 'ಇಸ್' ಇದೇ ಕೆಲಸ ಮಾಡುತ್ತದೆ ಎಂದರೆ ಸಾಕು, ಮತ್ತೆ ವಿವರಿಸಬೇಕಿಲ್ಲ. ಗಡಿನಾಡಿನ ಮೇಷ್ಟ್ರಿಗೆ ಇದೊಂದು ಅನುಕೂಲ.

ವರ್ಬ್ ಹಿಡಿಯಲು ಕಾಲ ಬದಲಿಸಿ ನೋಡಬೇಕು. 'ದ ಬಸ್ ಸ್ಟಾಪ್ಸ್ ಹಿಯರ್' ಎಂಬುದಕ್ಕೆ 'ಯೆಸ್ಟರ್ಡೇ' ಸೇರಿಸಿದರೆ 'ಸ್ಟಾಪ್ಸ್' ಹೋಗಿ 'ಸ್ಟಾಪ್ಡ್' ಆಗುತ್ತದೆ. ಬದಲಾದದ್ದೇ ವರ್ಬ್. 'ದ ಬಸ್ ಸ್ಟಾಪ್ಸ್ ಆರ್ ಡರ್ಟಿ' ಎಂಬಲ್ಲಿ 'ಆರ್' ಮಾತ್ರ 'ವರ್' ಆಗುತ್ತದೆ, 'ಸ್ಟಾಪ್ಸ್' ಕದಲುವುದಿಲ್ಲ. ಇಲ್ಲಿ ಅದು ನೌನ್, ಅಂದರೆ ನಾಮಪದ. ಕಟ್, ಪುಟ್, ಹಿಟ್ ಈ ಪರೀಕ್ಷೆಗೆ ಸಿಗುವುದಿಲ್ಲ, ಭೂತಕಾಲದಲ್ಲೂ ಅದೇ ರೂಪ. ಆಗ 'ದೇ ಕಟ್' ಎಂಬಲ್ಲಿ 'ದೇ' ತೆಗೆದು 'ಹಿ' ಹಾಕಿ: 'ಹಿ ಕಟ್ಸ್'. 'ಹಿ' ಹಾಕಿದರೂ ಬದಲಾಗದ ಕ್ಯಾನ್, ವಿಲ್, ಮೇ, ಮಸ್ಟ್ ಇವನ್ನು ಪಟ್ಟಿ ಮಾಡಿ ಕಲಿಯುವುದೇ ಸುಲಭ.

ವರ್ಬ್ ಎರಡು ತುಂಡಾಗಿಯೂ ಇರುತ್ತದೆ. 'ಶಿ ಹ್ಯಾಸ್ ಆಲ್ವೇಸ್ ಲಿವ್ಡ್ ಇನ್ ಕುಂಬ್ಳೆ' ಎಂಬಲ್ಲಿ ವರ್ಬ್ 'ಹ್ಯಾಸ್ ಲಿವ್ಡ್'. ನಡುವೆ ನುಗ್ಗಿದ 'ಆಲ್ವೇಸ್' ಆಡ್ವರ್ಬ್, ಅಂದರೆ ಕ್ರಿಯಾವಿಶೇಷಣ. ಆ ಜಾಗದಲ್ಲಿ ಬರುವ ನಾಟ್, ನೆವರ್, ಆಲ್ರೆಡಿ ಕೂಡ ಅದೇ ಜಾತಿ.

ಆಡ್ವರ್ಬ್ ಎಂದರೆ ಕೊನೆಯಲ್ಲಿ 'ಲಿ' ಇರಬೇಕು ಎಂಬ ನಂಬಿಕೆ ಬಲವಾಗಿದೆ. ಆದರೆ ಫ್ರೆಂಡ್ಲಿ, ಲವ್ಲಿ, ಲೋನ್ಲಿ, ಅಗ್ಲಿ ಎಲ್ಲ ನಾಮಪದದ ಗುಣ ಹೇಳುವ ಅಡ್ಜೆಕ್ಟಿವ್‌ಗಳು. ಅತ್ತ 'ರನ್ ಫಾಸ್ಟ್', 'ವರ್ಕ್ ಹಾರ್ಡ್' ಎಂಬಲ್ಲಿ 'ಲಿ' ಇಲ್ಲದೆಯೇ ಆಡ್ವರ್ಬ್. 'ಹಿ ಹಾರ್ಡ್ಲಿ ವರ್ಕ್ಸ್' ಎಂದು ಬರೆದರೆ ಅವನು ಕೆಲಸವನ್ನೇ ಮಾಡುವುದಿಲ್ಲ ಎಂಬಷ್ಟು ಅರ್ಥ ತಿರುಗುತ್ತದೆ.

ನಿಜವಾದ ತೊಡಕು ಇರುವುದು 'ಚೆನ್ನಾಗಿ'ಯಲ್ಲಿ. 'ಸಾಂಬಾರು ಚೆನ್ನಾಗಿದೆ', 'ಅವಳು ಚೆನ್ನಾಗಿ ಹಾಡುತ್ತಾಳೆ': ನಮಗೆ ಎರಡೂ ಕಡೆ ಒಂದೇ. ಹಾಗಾಗಿ 'ದ ಸಾಂಬಾರ್ ಸ್ಮೆಲ್ಸ್ ವೆಲ್' ಎಂದು ಬರೆದುಬಿಡುತ್ತಾರೆ. ಲುಕ್, ಸ್ಮೆಲ್, ಟೇಸ್ಟ್, ಫೀಲ್ ಬಂದಾಗ ಆ ವರ್ಬ್ ತೆಗೆದು 'ಇಸ್' ಇಟ್ಟು ನೋಡಿ. 'ದ ಸಾಂಬಾರ್ ಇಸ್ ಗುಡ್' ಸರಿಯಾಗಿ ಕೂರುತ್ತದೆ, ಆದ್ದರಿಂದ ಅಡ್ಜೆಕ್ಟಿವ್ ಬೇಕು: 'ಸ್ಮೆಲ್ಸ್ ಗುಡ್'. 'ಹಿ ಲುಕ್ಡ್ ಆಂಗ್ರಿಲಿ ಅಟ್ ದ ಡಾಗ್' ಎಂಬಲ್ಲಿ 'ವಾಸ್ ಆಂಗ್ರಿಲಿ' ಕೂರುವುದಿಲ್ಲ. ಅಲ್ಲಿ ನೋಡುವ ಕೆಲಸ ನಡೆದಿದೆ, ಆಡ್ವರ್ಬ್ ಸರಿ. 'ಐ ಆಮ್ ವೆಲ್' ಎಂಬುದನ್ನು ತೋರಿಸಿ ವಾದಿಸುವವರು ಇದ್ದೇ ಇರುತ್ತಾರೆ. ಆರೋಗ್ಯದ ಮಾತಿನಲ್ಲಿ 'ವೆಲ್' ಅಡ್ಜೆಕ್ಟಿವ್.

'ಹೋಮ್' ಕೂಡ ಒಮ್ಮೊಮ್ಮೆ ಆಡ್ವರ್ಬ್ ಎಂದರೆ ಯಾರೂ ನಂಬುವುದಿಲ್ಲ. 'ಮನೆಗೆ' ಎಂಬುದರ 'ಗೆ' ತಲೆಯಲ್ಲಿದ್ದು 'ಗೋ ಟು ಹೋಮ್' ಎಂದಾಗುತ್ತದೆ. ಹಿಯರ್, ದೇರ್, ಅಬ್ರಾಡ್ ಸಾಲಿಗೆ ಇದನ್ನೂ ಸೇರಿಸಿ, 'ಗೋ ದೇರ್' ಎನ್ನುವಂತೆ 'ಗೋ ಹೋಮ್' ಎಂದು ಕಲಿಸಿ. 'ಮೈ' ಸೇರಿತೋ, ಅದು ಮತ್ತೆ ನೌನ್: 'ಕಮ್ ಟು ಮೈ ಹೋಮ್'.