ಡೆಂಗಿ ಹೊಕ್ಕ ಸೆಲ್ಲಿನ ಒತ್ತಡ: ಬರೀ ಜೆಲ್‌ನಲ್ಲಿ ಹಿಡಿದೆ

ಡೆಂಗಿ ವೈರಸ್ ಹೊಕ್ಕರೆ ಸೆಲ್ಲಿನ ಇಆರ್ (ಪ್ರೋಟೀನ್ ಮಡಿಸುವ ಜಾಗ) ಒತ್ತಡಕ್ಕೆ ಬೀಳುತ್ತದೆ, ಆಗ ಸೆಲ್ಲು ಎಕ್ಸ್‌ಬಿಪಿ1 ಅನ್ನುವ ಜೀನಿನ ಆರ್‌ಎನ್‌ಎಯಿಂದ 26 ಅಕ್ಷರ ಕತ್ತರಿಸುತ್ತದೆ. ಅದು ಕತ್ತರಿಸಿಹೋಗಿದೆಯೋ ಇಲ್ಲವೋ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಅಗರೋಸ್ ಜೆಲ್‌ನಲ್ಲೇ ತೋರಿಸುತ್ತೇನೆ ಅಂದಾಗ ಲ್ಯಾಬಿನಲ್ಲಿ ಎಲ್ಲರೂ ನಕ್ಕರು. "ಸುಮ್ನೆ ವೆಸ್ಟರ್ನ್ ಮಾಡಪ್ಪಾ" ಅಂದರು ಸೀನಿಯರ್. ಆ್ಯಂಟಿಬಾಡಿಯಿಂದ ಪ್ರೋಟೀನ್ ಹಿಡಿಯುವ ಅದನ್ನೂ ಮಾಡಿ ನೋಡಿದ್ದೆ. ಆ್ಯಂಟಿಬಾಡಿಗೆ ಸುಮಾರು 40 ಸಾವಿರ. ಬರುವುದಕ್ಕೆ ಎರಡು ತಿಂಗಳ ಮೇಲಾಯಿತು. ಬಂದ ಮೇಲೆ ಎಲ್ಲ ಲೇನಿನಲ್ಲೂ ಒಂದೇ ಮಸಿ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಜೆಲ್ ಕೂಡ ಮೊದಲು ಕೈಕೊಟ್ಟಿತು. ಎರಡು ಬ್ಯಾಂಡ್ ಇರಬೇಕಾದ ಕಡೆ ಮೂರು. ಮೇಲಿನದು ಉದ್ದ ಎಳೆಯೂ ಗಿಡ್ಡ ಎಳೆಯೂ ಅಂಟಿಕೊಂಡದ್ದು. ನನ್ನನ್ನು ಉಳಿಸಿದ್ದು ಡಿಎನ್‌ಎ ಕತ್ತರಿಸುವ ಪಿಎಸ್‌ಟಿ-1 ಎಂಜೈಮ್. ಅದು ಕತ್ತರಿಸುವ ಜಾಗ ಆ 26 ಅಕ್ಷರದೊಳಗೇ ಇದೆ. ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿಗೆ ಅದನ್ನು ಹಾಕಿದರೆ, ಒತ್ತಡವಿಲ್ಲದ ಸೆಲ್ಲಿನದು 290, 180 ಅಕ್ಷರದ ಆಸುಪಾಸಿನ ಎರಡು ತುಂಡಾಗುತ್ತದೆ. ಒತ್ತಡದ್ದು ಇಡಿಯಾಗಿ ಮೇಲೆ ನಿಲ್ಲುತ್ತದೆ. ಆಗ ಮಾಮೂಲಿ ಅಗರೋಸಿನ 2 ಪರ್ಸೆಂಟ್ ಜೆಲ್ ಸಾಕು, ದುಬಾರಿ ಅಗರೋಸ್ ಬೇಡ. ಒಂದೇ ಎಚ್ಚರ: ಅಂಟಿಕೊಂಡ ಜೋಡಿಯನ್ನು ಎಂಜೈಮ್ ಮುಟ್ಟುವುದಿಲ್ಲ, ಅದಕ್ಕೇ ಪಿಸಿಆರ್ (ಡಿಎನ್‌ಎ ನಕಲು ಮಾಡುವ) ಸೈಕಲ್ ಕಡಿಮೆ ಇಡಿ. ಎಷ್ಟು ಅಂತ ಕೇಳಬೇಡಿ. ಕೊನೆಯ ಸೈಕಲ್ಲಿಗೆ ಮುಂಚೆ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ನಿಜವಾಗಿ ತಿಂಗಳುಗಟ್ಟಲೆ ಸತಾಯಿಸಿದ್ದು ಮಾಕ್, ಅಂದರೆ ಹೋಲಿಕೆಗೆ ಇಟ್ಟ ಸೋಂಕಿಲ್ಲದ ಸೆಲ್ಲು. ವೈರಸ್ ಹಾಕದ ಎ549 ಸೆಲ್ಲುಗಳಲ್ಲೂ (ಮನುಷ್ಯರ ಶ್ವಾಸಕೋಶದ ಸೆಲ್ಲು) 48 ಗಂಟೆಗೆ ಒತ್ತಡದ ಬ್ಯಾಂಡ್! ಸೆಲ್ಲು ಬೆಳೆಸುವ ದ್ರವ, ಮೀಡಿಯಾ, ಹಳದಿಯಾಗಿತ್ತು. ಗ್ಲೂಕೋಸ್ ಮುಗಿದರೆ ಇಆರ್ ಒದ್ದಾಡುತ್ತದೆ, ಅದಕ್ಕೆ ಡೆಂಗಿಯೇ ಬೇಕಿಲ್ಲ. ಆಮೇಲೆ ಸೆಲ್ಲು ತೆಳ್ಳಗೆ ಹಾಕಿದೆ, ಪ್ಲೇಟಿನ ಎಲ್ಲ ಬಾವಿಗೂ (ಗುಳಿಗೂ) ಒಟ್ಟಿಗೇ ಹೊಸ ಮೀಡಿಯಾ ಕೊಟ್ಟೆ. ಯುವಿಯಲ್ಲಿ ಸಾಯಿಸಿದ ವೈರಸ್ ಹಾಕಿದ ಬಾವಿಯನ್ನೂ ಇಟ್ಟೆ. ಅಲ್ಲಿ ಏನೂ ಇಲ್ಲ. ಜೀವಂತ ಡೆಂಗಿ-2 ಹಾಕಿದ್ದರಲ್ಲಿ 24 ಗಂಟೆಗೆ ಮಸುಕಾಗಿ, 36ಕ್ಕೆ ಸ್ಪಷ್ಟವಾಗಿ ಬ್ಯಾಂಡ್ ಬಂತು. ಸೀನಿಯರ್ ಈಗ ನನ್ನ ಪ್ರೈಮರ್ (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ) ಸಾಲ ಕೇಳುತ್ತಾರೆ.

ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಒತ್ತಡ ಖಂಡಿತ ಇರುವ ಹೋಲಿಕೆಗೆ, ಟ್ಯುನಿಕಾಮೈಸಿನ್ ತರಿಸಬೇಡಿ, ದುಡ್ಡು ದಂಡ. ಶೆಲ್ಫ್‌ನಲ್ಲಿರುವ ಡಿಟಿಟಿಯೂ ಇಆರ್‌ಗೆ ಒತ್ತಡ ಕೊಡುತ್ತದೆ, ಅದನ್ನು ಅವತ್ತೇ ಕಲಸಿ 2 ಮಿಲಿಮೋಲಾರ್, ಒಂದೂವರೆ ಗಂಟೆ ಕೊಡಿ. ಡೆಂಗಿಯಿಂದ ಅಷ್ಟು ದಪ್ಪ ಬ್ಯಾಂಡ್ ಮಾತ್ರ ನಿರೀಕ್ಷಿಸಬೇಡಿ. ಪ್ರೈಮರಿಗೆ ಸಾವಿರದೊಳಗೆ ಖರ್ಚಾಯಿತು. ಎಂಜೈಮ್ ಪಕ್ಕದ ಲ್ಯಾಬಿನ ಫ್ರೀಜರಿನದು.

ಇದರ ನಡುವೆ ಇನ್ನೊಂದು ಚಟ ಹತ್ತಿತು. ಸೋಂಕಿತ ಸೆಲ್ಲಿಗೂ ಮಾಕ್‌ಗೂ ಒತ್ತಡ ತರುವ ಸೋಡಿಯಂ ಆರ್ಸೆನೈಟ್ ಅರ್ಧ ಮಿಲಿಮೋಲಾರ್ ಕೊಟ್ಟು ಜಿ3ಬಿಪಿ ಅನ್ನುವ ಪ್ರೋಟೀನಿಗೆ ಬಣ್ಣ ಹಾಕಿದೆ. ಮಾಕ್‌ನಲ್ಲಿ ಸ್ಟ್ರೆಸ್ ಗ್ರ್ಯಾನ್ಯೂಲ್ (ಒತ್ತಡದಲ್ಲಿ ಆರ್‌ಎನ್‌ಎ, ಪ್ರೋಟೀನ್ ಗುಂಪುಗೂಡಿದ ಕಾಳು) ತುಂಬಿ ತುಳುಕುತ್ತಿದ್ದವು, ಡೆಂಗಿ ಹೊಕ್ಕ ಸೆಲ್ಲುಗಳಲ್ಲಿ ಬಹಳ ಕಡಿಮೆ. ವೆಸ್ಟ್ ನೈಲ್ ಮತ್ತು ಡೆಂಗಿ ವೈರಸ್‌ಗಳ ಮೇಲೆ 2007ರಲ್ಲಿ ಬಂದ ಕೆಲಸವೂ ಇದನ್ನೇ ಹೇಳಿತ್ತು. ಅಂದರೆ ವೈರಸ್ ಒಂದು ಕಡೆ ಇಆರ್‌ಗೆ ಒತ್ತಡ ಕೊಡುತ್ತದೆ, ಇನ್ನೊಂದು ಕಡೆ ಗ್ರ್ಯಾನ್ಯೂಲ್ ಕಟ್ಟದಂತೆ ತಡೆಯುತ್ತದೆ. ಈ ಎರಡನ್ನೂ ಒಂದೇ ಪ್ಲೇಟಿನಲ್ಲಿ, ಗಂಟೆ ಗಂಟೆಗೆ ನೋಡಬೇಕು ಅಂತಿದ್ದೇನೆ. ಕಾನ್ಫೋಕಲ್ ಮೈಕ್ರೋಸ್ಕೋಪಿನ ಬಾಡಿಗೆಗೆ ದುಡ್ಡು ಹೊಂದಿಸಬೇಕು, ಅಷ್ಟೇ.