ಹನ್ನೆರಡು ವಾರ ಒಂದೇ ಸೂರಿನಡಿ

ನಾನು ಕೆಲಸ ಮಾಡುವುದು ಇಂಗ್ಲೆಂಡಿನ ಒಂದು ರೆಸಿಡೆನ್ಷಿಯಲ್ ಫ್ಯಾಮಿಲಿ ಸೆಂಟರ್‌ನಲ್ಲಿ. ಊರಿನಲ್ಲಿ ಹೇಳಿದರೆ ಅನಾಥಾಶ್ರಮ ಇರಬೇಕು ಅಂದುಕೊಳ್ಳುತ್ತಾರೆ. ಅದಲ್ಲ. ಮಗುವನ್ನು ಹೆತ್ತವರ ಹತ್ತಿರ ಬಿಟ್ಟರೆ ಅಪಾಯವಾದೀತೆಂಬ ಆತಂಕ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಬಂದು, ವಿಷಯ ಫ್ಯಾಮಿಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ, ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ನೋಡುವ ಜಾಗ ಇದು. ಕೆಲವೊಮ್ಮೆ ತಂದೆಯೂ ಬರುತ್ತಾನೆ. 1989ರ ಚಿಲ್ಡ್ರನ್ ಆಕ್ಟ್‌ನ 38(6)ನೇ ಕಲಮಿನಡಿ ಕೋರ್ಟೇ ಇಂಥ ಅಸೆಸ್‌ಮೆಂಟ್‌ಗೆ, ಅಂದರೆ ನೋಡಿ ಅಳೆಯುವ ಕೆಲಸಕ್ಕೆ, ಆದೇಶ ಕೊಡಬಹುದು. ನಮ್ಮಂಥ ಸೆಂಟರ್‌ಗಳು ಶಾಲೆಗಳನ್ನೂ ಮಕ್ಕಳ ಸೇವೆಗಳನ್ನೂ ತಪಾಸಣೆ ಮಾಡುವ ಸರಕಾರಿ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ನೋಂದಣಿಯಾಗಿರಬೇಕು, ಅವರ ತಪಾಸಣೆಗೂ ಒಳಪಡಬೇಕು.

ಸಾಮಾನ್ಯವಾಗಿ ಹನ್ನೆರಡು ವಾರ. ಅಷ್ಟರಲ್ಲಿ ಒಬ್ಬ ತಾಯಿ ಮಗುವನ್ನು ಸಾಕಬಲ್ಲಳೋ ಇಲ್ಲವೋ ಎಂದು ಬರೆದುಕೊಡಬೇಕು. 2014ರ ಕಾನೂನು ಬಂದ ಮೇಲೆ ಇಂಥ ಕೇಸುಗಳು 26 ವಾರದೊಳಗೆ ಮುಗಿಯಬೇಕೆಂಬ ಗಡುವಿದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಮ್ಮ ಕೈಯಲ್ಲಿ ಕಳೆಯುತ್ತದೆ. ಖರ್ಚೂ ಕಡಿಮೆಯಲ್ಲ, ವಾರಕ್ಕೆ ಸಾವಿರಾರು ಪೌಂಡ್. 2007ರ ಅಕ್ಟೋಬರ್‌ನಿಂದ ಲೀಗಲ್ ಏಡ್, ಅಂದರೆ ಸರಕಾರದ ಕಾನೂನು ನೆರವು, ಇದಕ್ಕೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಈಗ ಭಾರವೆಲ್ಲ ಕೌನ್ಸಿಲ್‌ಗಳ ಮೇಲೆ. ಹಾಗಾಗಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಬಹಳಷ್ಟು ಕುಟುಂಬಗಳಿಗೆ ಇದೇ ಕೊನೆಯ ಅವಕಾಶ. ಅದು ಅವರಿಗೂ ಗೊತ್ತಿರುತ್ತದೆ.

ಹೊಸದಾಗಿ ಸೇರುವವರಿಗೆ ನಾನು ಮೊದಲು ಕಲಿಸುವುದು ಬರೆಯುವುದನ್ನು. ಈ ಕೆಲಸದಲ್ಲಿ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಹಗಲು ರಾತ್ರಿ ಪಾಳಿಯಲ್ಲಿ ಯಾರಾದರೊಬ್ಬರು ನೋಡುತ್ತಿರುತ್ತಾರೆ, ನೋಡಿದ್ದನ್ನು ದಾಖಲೆಯಲ್ಲಿ ಬರೆಯುತ್ತಾರೆ. ಶುರುವಿನ ದಿನಗಳಲ್ಲಿ ಕೋಣೆಯಲ್ಲಿ ಬೇಬಿ ಮಾನಿಟರ್ ಇರುತ್ತದೆ. ಲಿಖಿತ ಒಪ್ಪಿಗೆ ಪಡೆದು ಸಿಸಿಟಿವಿಯನ್ನೂ ಬಳಸುತ್ತೇವೆ. ರಾತ್ರಿ ಪಾಳಿಯವರು "ಮಗು ಅಳುತ್ತಿದ್ದರೂ ತಾಯಿ ಲಕ್ಷ್ಯ ಕೊಡಲಿಲ್ಲ" ಎಂದು ಬರೆದಿಟ್ಟರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಅದು ಬರೆದವರ ತೀರ್ಪು ಅಷ್ಟೇ. ನಾನು ಕೇಳುವುದು ಹೀಗೆ: "2:10ಕ್ಕೆ ಮಗು ಮುಲುಗಲು ಶುರು ಮಾಡಿತು. 2:13ಕ್ಕೆ ಜೋರಾಗಿ ಅತ್ತಿತು. 2:17ಕ್ಕೆ ತಾಯಿ ಎದ್ದು ಕೂತಳು, 'ಬಂದೆ ಬಂದೆ' ಅಂದಳು. ಬಾಟಲಿ ತಯಾರಿಸುವಾಗ ಎರಡು ಸಲ ತೊಟ್ಟಿಲ ಕಡೆ ತಿರುಗಿ ಮಾತಾಡಿಸಿದಳು. 2:26ಕ್ಕೆ ಎತ್ತಿಕೊಂಡು ಹಾಲು ಕುಡಿಸಿದಳು. ಮಗು ಅವಳ ಮುಖ ನೋಡುತ್ತಿತ್ತು." ಎರಡೂ ಒಂದೇ ರಾತ್ರಿಯ ಕಥೆ. ಮೊದಲನೆಯದನ್ನು ಓದಿದವರಿಗೆ ಅವಳು ನಿರ್ಲಕ್ಷ್ಯದ ತಾಯಿ. ಎರಡನೆಯದರಲ್ಲಿ ಕಾಣುವುದು ನಿದ್ದೆಗೆಟ್ಟು ಎದ್ದು ಬಾಟಲಿ ಬೆರೆಸಲು ತಡಕಾಡುವ, ಆದರೂ ಮಗುವಿನ ಕಡೆ ಗಮನವಿರುವ ತಾಯಿ. ಅವಳಿಗೆ ಬೇಕಿದ್ದದ್ದು ಮಲಗುವ ಮುಂಚೆ ಬಾಟಲಿಗಳನ್ನು ಸ್ಟೆರಿಲೈಜ್ ಮಾಡಿ, ಪುಡಿಯನ್ನು ಅಳೆದು ಡಬ್ಬಿಗೆ ಹಾಕಿಟ್ಟುಕೊಳ್ಳುವ ಅಭ್ಯಾಸ. ಅದನ್ನು ಕಲಿಸಬಹುದು. ಮೊದಲನೆಯ ವಾಕ್ಯದಿಂದ ಏನನ್ನು ಕಲಿಸುವುದು?

ಆಮೇಲೆ ಕೋರ್ಟಿದೆ. ಸಾಕ್ಷಿ ಕಟಕಟೆಯಲ್ಲಿ ನಿಂತಾಗ ತಾಯಿಯ ಪರ ಬ್ಯಾರಿಸ್ಟರ್ ಕೇಳುವುದು ಒಂದೇ: ಯಾವ ದಿನ, ಎಷ್ಟು ಹೊತ್ತಿಗೆ, ನೀವು ಕಣ್ಣಾರೆ ನೋಡಿದ್ದೇನು? ಕೋರ್ಟಿನಲ್ಲಿ ಮಕ್ಕಳ ಹಿತ ನೋಡುವ ಸರಕಾರಿ ಸಂಸ್ಥೆ ಕ್ಯಾಫ್‌ಕ್ಯಾಸ್‌ನಿಂದ ಮಗುವಿನ ಪರವಾಗಿ ಬರುವ ಗಾರ್ಡಿಯನ್ ಕೂಡ ದಾಖಲೆಯನ್ನೇ ತಿರುವಿ ಹಾಕುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಅವು.

ದಾಖಲೆಯ ವಿಚಾರದಲ್ಲಿ ನನ್ನದೊಂದು ಹಟವಿದೆ. ಅವತ್ತು ಏನು ಬರೆದೆವೆಂಬುದು ಆದಷ್ಟು ಮಟ್ಟಿಗೆ ಅವತ್ತೇ ತಾಯಿಗೆ ಗೊತ್ತಾಗಬೇಕು. ಸಂಜೆ ಚಹಾ ಕುಡಿಯುತ್ತಾ ಕೂತು ಓದಿ ಹೇಳುತ್ತೇನೆ. "ಇದು ಹಾಗಲ್ಲ" ಅಂದರೆ ಅವಳ ಮಾತನ್ನೂ ಅದರ ಕೆಳಗೆ ಬರೆಯುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ಕೆಲವೊಮ್ಮೆ ಜಗಳವೂ ಆಗುತ್ತದೆ. ಆದರೆ ಹನ್ನೆರಡನೆಯ ವಾರದಲ್ಲಿ ವಕೀಲರ ಕಚೇರಿಯಲ್ಲಿ ಕೂತು ತನ್ನ ಬಗ್ಗೆ ಮೊದಲ ಸಲ ಓದುವುದಿದೆಯಲ್ಲ, ಅಂಥ ಅನ್ಯಾಯವನ್ನು ಯಾರಿಗೂ ಮಾಡಬಾರದು.

ಇನ್ನು ಕಲಿಸುವ ವಿಚಾರ. 2005ರಲ್ಲಿ ಕೆಂಟ್ ಕೌನ್ಸಿಲ್‌ನ ಒಂದು ಪ್ರಕರಣ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 38(6)ರ ಅಡಿಯಲ್ಲಿ ಕೋರ್ಟ್ ಆದೇಶಿಸಬಹುದಾದ್ದು ಮಗುವಿನ ಅಸೆಸ್‌ಮೆಂಟ್ ಮಾತ್ರ, ಹೆತ್ತವರಿಗೆ ಕೊಡುವ ದೀರ್ಘ ಚಿಕಿತ್ಸೆ ಅದರೊಳಗೆ ಬರುವುದಿಲ್ಲ ಎಂದು ತೀರ್ಮಾನವಾಯಿತು. ಕಾನೂನಿನ ದೃಷ್ಟಿಯಿಂದ ಆ ಗೆರೆ ಎಲ್ಲಿದೆಯೆಂದು ನನಗೆ ಗೊತ್ತು. ಆದರೆ ಕಲಿಸದೆ ಬರೀ ನೋಡುತ್ತಾ ಕೂರುವುದೆಂದರೆ ಈಜು ಬಾರದವರನ್ನು ಬಾವಿಗಿಳಿಸಿ ದಡದಲ್ಲಿ ಅಂಕ ಹಾಕಿದ ಹಾಗೆ. ಒಬ್ಬ ತಾಯಿ ಹೇಳಿಕೊಟ್ಟದ್ದನ್ನು ಹಿಡಿಯಬಲ್ಲಳೇ, ಹಿಡಿದದ್ದನ್ನು ಮುಂದಿನ ವಾರವೂ ಉಳಿಸಿಕೊಳ್ಳಬಲ್ಲಳೇ ಎಂಬುದೇ ಕೋರ್ಟಿಗೆ ಬೇಕಾದ ಮುಖ್ಯ ಉತ್ತರ. ಕಲಿಸದೆ ಅದು ಹೇಗೆ ತಿಳಿಯುತ್ತದೆ?

ಕಲಿಕೆಯ ತೊಂದರೆಯಿದ್ದ ಒಬ್ಬ ತಾಯಿ ಇದ್ದಳು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಫಾರ್ಮುಲಾ ಹಾಲು ಬೆರೆಸುವುದು ಅವಳಿಗೆ ದಿನಾ ಗೊಂದಲ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಲು ಬರುತ್ತಿರಲಿಲ್ಲ, ಚಮಚ ಎಣಿಸುವಾಗ ಮಧ್ಯೆ ಲೆಕ್ಕ ತಪ್ಪುತ್ತಿತ್ತು. ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಿದ್ದಳು, ಮರುದಿನ ಮತ್ತೆ ಅದೇ. ಮೊದಲು ಬಂದ ಸೋಶಿಯಲ್ ವರ್ಕರ್‌ಗಳೆಲ್ಲ "ಸಹಕರಿಸುವುದಿಲ್ಲ" ಎಂದು ಬರೆದಿದ್ದರು. ಇಂಥವರಿಗೆಂದೇ ಪಾಮ್ಸ್ ಎಂಬ ವಿಧಾನವಿದೆ, ಚಿತ್ರಗಳ ಮೂಲಕ ಪ್ರಶ್ನೆ ಕೇಳಿ ಏನು ಗೊತ್ತಿದೆ, ಏನನ್ನು ಮಾಡಬಲ್ಲರು ಎಂದು ಬೇರೆ ಬೇರೆಯಾಗಿ ಅಳೆಯುವುದು. ಅದನ್ನು ಮಾಡಿದಾಗ ಅವಳಿಗೆ ಗೊತ್ತಿಲ್ಲದ್ದು ನಾವಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು.

ಅವಳ ಬಾಟಲಿಗೆ ನೀರಿನ ಮಟ್ಟದಲ್ಲಿ ಕೆಂಪು ಟೇಪ್ ಅಂಟಿಸಿದೆ. ಚಮಚಗಳ ಲೆಕ್ಕಕ್ಕೆ ಅಂಗಿಯ ಐದು ಗುಂಡಿಗಳನ್ನು ಒಂದು ತಟ್ಟೆಯಲ್ಲಿಟ್ಟೆ. ಒಂದು ಚಮಚ ಹಾಕಿದರೆ ಒಂದು ಗುಂಡಿ ಪಕ್ಕದ ತಟ್ಟೆಗೆ. ಕೆಟಲ್ ಕುದಿದ ಮೇಲೆ ನೀರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಆರಬಾರದು, ಪುಡಿಯಲ್ಲಿರಬಹುದಾದ ಕೀಟಾಣು ಸಾಯಬೇಕಾದರೆ 70 ಡಿಗ್ರಿಯಾದರೂ ಬಿಸಿಯಿರಬೇಕು. ಅದಕ್ಕೆ ಅಡುಗೆಮನೆಯ ಟೈಮರ್. ಬೆರೆಸಿದ ಹಾಲನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ ಮುಂಗೈಗೆ ಹನಿಸಿಕೊಂಡು ನೋಡುವುದು ಅವಳಿಗೆ ಬೇಗ ಬಂತು. ಆಮೇಲೆ ನಾನು ಏನೂ ಬಾರದವಳಂತೆ ನಿಂತು, ನನಗೆ ಕಲಿಸು ಅಂದೆ. ಒಂದೊಂದೇ ಹೆಜ್ಜೆ ಹೇಳಿಕೊಟ್ಟಳು. ನಾನು ಬೇಕಂತಲೇ ಒಂದು ಚಮಚ ಹೆಚ್ಚು ಹಾಕಲು ಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. "ಗುಂಡಿ ಖಾಲಿ" ಅಂದಳು. ಆ ಸಂಜೆಯ ದಾಖಲೆಯನ್ನು ನಾನೇ ಬರೆದೆ, ಬಹಳ ಖುಷಿಯಿಂದ.

ನಿಗಾ ಕಡಿಮೆ ಮಾಡುತ್ತಾ ಹೋಗುವುದು ಈ ಕೆಲಸದ ಇನ್ನೊಂದು ಜೀವಾಳ. ಮೊದಲೆರಡು ವಾರ ಎಲ್ಲರೂ ಒಳ್ಳೆಯ ತಾಯಂದಿರೇ, ಯಾಕೆಂದರೆ ಕ್ಯಾಮೆರಾ ಇದೆ. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಸುಸ್ತು ಬಂದಿರುತ್ತದೆ, ಗಂಡನ ಫೋನು ಬಂದಿರುತ್ತದೆ, ಬೆನಿಫಿಟ್ ದುಡ್ಡು ತಡವಾಗಿರುತ್ತದೆ. ಆಗ ಕಾಣುವುದು ನಿಜ. ಎಲ್ಲ ಸರಿಯಿದ್ದರೆ ಮೊದಲು ಹಗಲಿನ ನಿಗಾ ಸಡಿಲಿಸುತ್ತೇವೆ, ಆಮೇಲೆ ರಾತ್ರಿಯದು. ಪ್ರ್ಯಾಮ್ ತಳ್ಳಿಕೊಂಡು ಒಬ್ಬಳೇ ಅಂಗಡಿಗೆ, ಕ್ಲಿನಿಕ್ಕಿಗೆ ಹೋಗಿಬರಲು ಬಿಡುತ್ತೇವೆ. ಕೆಲವು ಸೆಂಟರ್‌ಗಳು ಕೊನೆಯ ದಿನದವರೆಗೂ ಪೂರ್ತಿ ನಿಗಾ ಇಟ್ಟು, "ನಿಗಾ ಇಲ್ಲದೆ ಸಾಕಬಲ್ಲಳೆಂದು ಹೇಳಲಾಗದು" ಎಂದು ವರದಿ ಬರೆಯುತ್ತವೆ. ಅಂಥ ವರದಿ ಓದಿದಾಗ ನನಗೆ ಸಿಟ್ಟು ಬರುತ್ತದೆ. ಒಬ್ಬಳನ್ನೇ ಬಿಟ್ಟು ನೋಡಲೇ ಇಲ್ಲವಲ್ಲ.

ಇಲ್ಲಿರುವ ಕನ್ನಡದ ಕುಟುಂಬಗಳು ನನ್ನ ಕೆಲಸದ ವಿಷಯ ಗೊತ್ತಾದಾಗ ಸ್ವಲ್ಪ ಹಿಂಜರಿಯುತ್ತವೆ. ಕೈಯಿಂದ ಉಣ್ಣಿಸಿದರೆ, ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸಿದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರಂತೆ ಎಂಬ ಮಾತು ಹರಿದಾಡುತ್ತದೆ. ಹಾಗೇನೂ ಇಲ್ಲ. ಮಗುವನ್ನು ಕೌನ್ಸಿಲ್‌ನ ಸುಪರ್ದಿಗೆ ಒಪ್ಪಿಸುವ ಕೇರ್ ಆರ್ಡರ್ ಕೊಡಬೇಕಾದರೆ ಚಿಲ್ಡ್ರನ್ ಆಕ್ಟ್‌ನ 31ನೇ ಕಲಮಿನ ಪ್ರಕಾರ ಮಗುವಿಗೆ ಗಂಭೀರ ಹಾನಿ ಆಗಿರಬೇಕು ಅಥವಾ ಆಗುವ ಸಂಭವವಿರಬೇಕು, ಅದು ಆರೈಕೆಯ ಕೊರತೆಯಿಂದ ಬಂದಿರಬೇಕು. ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಹೆಡ್ಲಿ ಅವರು, ಹೆತ್ತವರ ಸಾಕಣೆಯಲ್ಲಿ ಎಷ್ಟೋ ಏರುಪೇರಿರುತ್ತದೆ, ಅಷ್ಟಕ್ಕಷ್ಟೇ ಎನ್ನುವಂಥ ಸಾಕಣೆಯನ್ನೂ ಸಮಾಜ ಸಹಿಸಬೇಕು ಎಂಬರ್ಥದ ಮಾತು ಹೇಳಿದ್ದಾರೆ. ಪಕ್ಕದಲ್ಲಿ ಮಲಗಿಸಿಕೊಳ್ಳುವ ವಿಚಾರ ಮಾತ್ರ ಬೇರೆ. ಮೊದಲ ಆರು ತಿಂಗಳು ನಿಮ್ಮದೇ ಕೋಣೆಯಲ್ಲಿ, ಆದರೆ ಅದರದೇ ತೊಟ್ಟಿಲಲ್ಲಿ, ಅಂಗಾತ ಮಲಗಿಸಿ ಎಂಬುದು ಇಲ್ಲಿನ ಸಲಹೆ. ಸೋಫಾದ ಮೇಲೆ ಮಗುವನ್ನು ಎದೆಗವಚಿಕೊಂಡು ನಿದ್ದೆ ಹೋಗುವುದಂತೂ ನಿಜಕ್ಕೂ ಅಪಾಯ. ಇದನ್ನು ಕನ್ನಡದವರಿಗೂ ಇಂಗ್ಲಿಷಿನವರಿಗೂ ಒಂದೇ ಗಟ್ಟಿತನದಲ್ಲಿ ಹೇಳುತ್ತೇನೆ.

ನಮ್ಮ ಕಡೆಯ ಬಾಣಂತನ ಮಾತ್ರ ಇಲ್ಲಿ ಆಗಾಗ ನೆನಪಾಗುತ್ತದೆ. ನಮ್ಮಲ್ಲಿಗೆ ಬರುವ ಹುಡುಗಿಯರಲ್ಲಿ ಎಷ್ಟೋ ಮಂದಿ ಹೆತ್ತವರಿಂದ ದೂರವಾಗಿ ತಾವೇ ಫಾಸ್ಟರ್ ಮನೆಗಳಲ್ಲಿ, ಬೇರೆಯವರ ಆರೈಕೆಯಲ್ಲಿ ಬೆಳೆದವರು. ಹೆರಿಗೆಯಾದ ಮೇಲೆ ಹೋಗಲು ತವರಿಲ್ಲ, ಬಿಸಿನೀರು ಹೊಯ್ಯುವ ಕೈಯಿಲ್ಲ. ತಾನು ಊಟ ಮಾಡಿರದ ತಾಯಿಯನ್ನು ಮಗುವಿಗೆ ಹೇಗೆ ಊಟ ಕೊಡುತ್ತೀಯೆಂದು ಅಳೆಯುವುದು ನನಗೆ ಒಗ್ಗುವುದಿಲ್ಲ. ಆದ್ದರಿಂದ ಬಂದ ಮೊದಲ ಸಂಜೆ ಅವಳಿಗೆ ನಾವೇ ಬಿಸಿ ಅಡುಗೆ ಮಾಡಿ ಬಡಿಸುತ್ತೇವೆ. ಕಾಗದಪತ್ರದ ಸಹಿಗಳು ಮರುದಿನ.

ಎಲ್ಲರೂ ಮಗುವಿನೊಂದಿಗೆ ಮನೆಗೆ ಹೋಗುವುದಿಲ್ಲ. ಬೇಡವೆಂದು ಬರೆಯಬೇಕಾದಾಗ ವರದಿ ಕಳಿಸುವ ಮುಂಚೆ ನಾನೇ ಹೋಗಿ ಹೇಳುತ್ತೇನೆ, ಬೆಳಗಿನ ಹೊತ್ತಿನಲ್ಲಿ, ಜೊತೆಗೆ ಅವಳು ನಂಬುವ ಕೀ ವರ್ಕರ್, ಅಂದರೆ ಅವಳ ಹೊಣೆ ಹೊತ್ತ ಸಿಬ್ಬಂದಿ, ಇರುವಂತೆ ನೋಡಿಕೊಂಡು. ಸುತ್ತಿ ಬಳಸಿ ಹೇಳುವುದಿಲ್ಲ. ಹೊಡೆಯುವವನ ಹತ್ತಿರಕ್ಕೇ ಗುಟ್ಟಾಗಿ ಹೋಗಿಬರುತ್ತಿದ್ದ ಒಬ್ಬ ತಾಯಿಗೆ, ಮಗುವಿನ ಮೇಲೆ ನಿನಗಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಅವನಿಂದ ಮಗುವನ್ನು ಕಾಯಬಲ್ಲೆಯೆಂಬ ಭರವಸೆ ಇಲ್ಲ, ಅದನ್ನೇ ಬರೆದಿದ್ದೇನೆ ಅಂದೆ. ಅವಳು ಬಾಗಿಲು ಬಡಿದುಕೊಂಡು ಒಳಗೆ ಹೋದಳು. ಮಧ್ಯಾಹ್ನ ಹೊರಗೆ ಬಂದು, ಮಗುವಿಗೆ ಯಾವ ಹಾಡು ಹೇಳಿದರೆ ನಿದ್ದೆ ಬರುತ್ತದೆ, ಯಾವ ಕಡೆ ತಲೆಯಿಟ್ಟರೆ ಇಷ್ಟ ಎಂದು ಮುಂದೆ ಸಾಕುವವರಿಗೆ ತಿಳಿಸಲು ಬರೆಯಬೇಕು, ಸಹಾಯ ಮಾಡು ಅಂದಳು. ಆ ಹಾಳೆಗಳು ಮಗುವಿನ ಕಡತದಲ್ಲಿ ಹೋದವು. ಬೆಳೆದ ಮೇಲೆ ಆ ಮಗು ಓದುತ್ತದೆ.

ಮನೆಗೆ ಹೋಗುವವರ ವಿಚಾರದಲ್ಲಿ ನನ್ನ ಜಗಳವೆಲ್ಲ ವರದಿಯ ಕೊನೆಯ ಪುಟದ ಮೇಲೆ. ಮಗು ಮನೆಯಲ್ಲೇ ಇದ್ದು ಕೌನ್ಸಿಲ್ ಗಮನಿಸುತ್ತಿರಬೇಕೆಂಬ ಸೂಪರ್‌ವಿಷನ್ ಆರ್ಡರನ್ನು ಕೋರ್ಟ್ ಕೊಟ್ಟರೆ ಅದು ಮೊದಲಿಗೆ ಒಂದು ವರ್ಷದವರೆಗೆ ಇರಬಹುದು. ಆ ವರ್ಷದಲ್ಲಿ ಯಾರು ಬರುತ್ತಾರೆ? "ಸೂಕ್ತ ಬೆಂಬಲ ಒದಗಿಸತಕ್ಕದ್ದು" ಎಂದು ಬರೆದರೆ ಯಾರೂ ಬರುವುದಿಲ್ಲ. ಗುಂಡಿಯ ತಟ್ಟೆಯ ತಾಯಿಯ ವರದಿಯಲ್ಲಿ ಹೀಗೆ ಬರೆದೆ: ಮೊದಲ ಆರು ವಾರ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಫ್ಯಾಮಿಲಿ ಸಪೋರ್ಟ್ ವರ್ಕರ್ ಮನೆಗೆ ಬರಬೇಕು, ಬಂದವರಿಗೆ ಚಿತ್ರದ ಕಾರ್ಡ್ ಬಳಸುವುದು ಗೊತ್ತಿರಬೇಕು. ಮಗು ಗಟ್ಟಿ ಆಹಾರ ಶುರು ಮಾಡುವ ಹೊತ್ತಿಗೆ, ಅಂದರೆ ಆರು ತಿಂಗಳ ಸುಮಾರಿಗೆ, ಹೊಸದಾಗಿ ಕಲಿಸಬೇಕು, ಯಾಕೆಂದರೆ ಹಳೆಯ ಪಾಠ ಅಲ್ಲಿಗೆ ಸಾಲದು. ಕೌನ್ಸಿಲ್‌ನವರು ವಾರಕ್ಕೆರಡು ದಿನ ಸಾಕೆಂದು ವಾದಿಸಿದರು. ಜಡ್ಜ್ ಮೂರು ದಿನವನ್ನೇ ಯೋಜನೆಯಲ್ಲಿ ಬರೆಸಿದರು.