ಇಪಿಎಸ್–95 ನಿಧಿಯಲ್ಲಿ ಕೊರತೆ: ಯೂನಿಯನ್ ಶಾಖೆ ಹಾಕಬೇಕಾದ ಲೆಕ್ಕ, ಹಿಡಿಯಬೇಕಾದ ದಾಖಲೆ

ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್–95, ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಮುಂದೆ ಕೊಡಬೇಕಾದ ಪಿಂಚಣಿಗೆ ಈ ನಿಧಿಯಲ್ಲಿರುವ ಹಣ ಸಾಲದು ಎಂಬುದು 2019ರ ಮಾರ್ಚ್ 31ರವರೆಗಿನ ಮೌಲ್ಯಮಾಪನದಲ್ಲಿ ಬಂದಿದೆ, ಸರ್ಕಾರ ಸಂಸತ್ತಿನಲ್ಲೂ ಅದನ್ನು ಹೇಳಿದೆ. ಹಾಗೆಂದು ಬರುತ್ತಿರುವ ಪಿಂಚಣಿ ನಾಳೆಯೇ ನಿಂತುಹೋಗುವುದಿಲ್ಲ. ಭಯಪಡಬೇಕಾದದ್ದು ಬೇರೆಯದಕ್ಕೆ. ಕೊರತೆ ಎಷ್ಟೇ ಬರಲಿ, ಅದನ್ನು ತುಂಬುವ ಹೊಣೆ ಮಾಲೀಕರಿಗಿಲ್ಲ. ತಿಂಗಳ ಪಾಲು ಕಟ್ಟಿದರೆ ಅವರ ಕೆಲಸ ಮುಗಿಯಿತು. ಉಳಿಯುವ ದಾರಿ ಮುಖ್ಯವಾಗಿ ಎರಡು: ಸರ್ಕಾರ ಹೆಚ್ಚು ಕೊಡಬೇಕು, ಇಲ್ಲವೇ ಸೂತ್ರಕ್ಕೆ ಕತ್ತರಿ ಬೀಳಬೇಕು. ಇದುವರೆಗೆ ಬಿದ್ದಿರುವುದು ಕತ್ತರಿಯೇ.

2008ರ ಸೆಪ್ಟೆಂಬರ್ 26ರಂದು ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆಯುವ ಅವಕಾಶ ಹೋಯಿತು, ಬಂಡವಾಳ ಮರಳಿಸುವ ಸೌಲಭ್ಯವೂ (ಕಡಿಮೆ ಪಿಂಚಣಿಗೆ ಒಪ್ಪಿದರೆ ಆಮೇಲೆ ಇಡಿಗಂಟು ಮರಳುವ ವ್ಯವಸ್ಥೆ) ಹೋಯಿತು. 58ಕ್ಕೆ ಮೊದಲೇ ಪಿಂಚಣಿ ತೆಗೆದುಕೊಂಡರೆ ವರ್ಷಕ್ಕೆ 3% ಇದ್ದ ಕಡಿತ 4% ಆಯಿತು. 2014ರ ಸೆಪ್ಟೆಂಬರ್ 1ರಿಂದ ಕೊನೆಯ 12 ತಿಂಗಳ ಬದಲು ಕೊನೆಯ 60 ತಿಂಗಳ ಸರಾಸರಿ ಸಂಬಳ ಲೆಕ್ಕಕ್ಕೆ ಬಂತು. 2022ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ಯಾವ ಬದಲಾವಣೆಗೂ ‘ಪಿಂಚಣಿ ಕಡಿತ’ ಎಂಬ ಹೆಸರಿರಲಿಲ್ಲ. ಹಾಗಾಗಿ ಶಾಖೆಯಲ್ಲಿ ಒಬ್ಬರಾದರೂ ಅಧಿಸೂಚನೆ ಓದಿ ಲೆಕ್ಕ ಹಾಕಬಲ್ಲವರು ಇರಲೇಬೇಕು.

ಮೊದಲು ಸೂತ್ರ

ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ಸಂಬಳದ ಮಿತಿ 2014ರ ಆಗಸ್ಟ್ ಕೊನೆಯವರೆಗೆ ₹6,500, ಆಮೇಲೆ ₹15,000. ಎರಡು ಅವಧಿಗಳನ್ನು ಬೇರೆ ಬೇರೆ ಲೆಕ್ಕ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಇಡೀ ಸೇವೆಗೆ ₹15,000 ಹಿಡಿದು, ದೊಡ್ಡ ಮೊತ್ತ ನಿರೀಕ್ಷಿಸಿ, ನಿವೃತ್ತಿಯ ದಿನ ಕಣ್ಣೀರು ಹಾಕಿಕೊಂಡು ಯೂನಿಯನ್ ಆಫೀಸಿಗೆ ಬರುತ್ತಾರೆ.

2000ದ ಸೆಪ್ಟೆಂಬರ್ 1ಕ್ಕೆ ಸೇರಿ 2026ರ ಆಗಸ್ಟ್ 31ಕ್ಕೆ 58 ತುಂಬುವ ಕಾರ್ಮಿಕರನ್ನು ತೆಗೆದುಕೊಳ್ಳಿ. ಮೊದಲ 14 ವರ್ಷಕ್ಕೆ 6,500 × 14 ÷ 70 = ₹1,300. ನಂತರದ 12 ವರ್ಷಕ್ಕೆ 15,000 × 12 ÷ 70 = ₹2,571. ಒಟ್ಟು ₹3,871. ಇಪ್ಪತ್ತು ವರ್ಷ ದಾಟಿದವರಿಗೆ ಸೇರುವ 2 ವರ್ಷದ ಹೆಚ್ಚುವರಿ ಸೇವೆ ಹಿಡಿದರೂ ₹4,300 ದಾಟುವುದಿಲ್ಲ. ಆರು ತಿಂಗಳು ಅಥವಾ ಹೆಚ್ಚಿನ ತುಂಡು ಸೇವೆ ಒಂದು ವರ್ಷವಾಗುತ್ತದೆ, ಅದಕ್ಕಿಂತ ಕಡಿಮೆಯಾದದ್ದು ಬಿಟ್ಟುಹೋಗುತ್ತದೆ. ಹತ್ತು ವರ್ಷದ ಸೇವೆ ಇಲ್ಲದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ.

ಕೊರತೆ ಎಲ್ಲಿಂದ ಬರುತ್ತದೆ ಎಂಬುದೂ ಇದೇ ಸೂತ್ರದಲ್ಲಿದೆ. ₹15,000ದ ಮೇಲೆ ಮಾಲೀಕರ 8.33% ಅಂದರೆ ₹1,250, ಕೇಂದ್ರ ಸರ್ಕಾರದ 1.16% ಅಂದರೆ ₹174. ವರ್ಷಕ್ಕೆ ₹17,088. ಆ ಒಂದು ವರ್ಷದ ಸೇವೆಗೆ ಪ್ರತಿಯಾಗಿ ನಿಧಿ ಕೊಡಬೇಕಾದದ್ದು ತಿಂಗಳಿಗೆ ₹214, ಬದುಕಿರುವವರೆಗೆ, ಆಮೇಲೆ ಸಂಗಾತಿಗೂ ಒಂದು ಪಾಲು. 25ರ ವಯಸ್ಸಿನಲ್ಲಿ ಕಟ್ಟಿದ ಹಣಕ್ಕೆ ಬೆಳೆಯಲು ಮೂವತ್ತಮೂರು ವರ್ಷ ಇರುತ್ತದೆ. 57ರಲ್ಲಿ ಕಟ್ಟಿದ್ದಕ್ಕೆ ಒಂದೇ ವರ್ಷ. ಪ್ರತಿಫಲ ಮಾತ್ರ ಇಬ್ಬರಿಗೂ ಅದೇ ₹214. ಬಡ್ಡಿ ಇಳಿದರೆ, ಜನರ ಆಯುಸ್ಸು ಹೆಚ್ಚಿದರೆ ಲೆಕ್ಕ ತಪ್ಪುತ್ತದೆ. ಹಳೆಯ ಸೇವೆಗೂ ಹೊಸ ಮಿತಿಯನ್ನು ಅನ್ವಯಿಸಿದರೆ ಇನ್ನೂ ತಪ್ಪುತ್ತದೆ.

ಪಾಸ್‌ಬುಕ್ ಪರೀಕ್ಷೆ

ನಿಧಿಯ ಕೊರತೆ ನಿಮ್ಮ ಕೈಯಲ್ಲಿಲ್ಲ, ದಾಖಲೆಯ ಕೊರತೆ ಇದೆ. ಸೂತ್ರದ ಕತ್ತರಿಯಿಂದ ಮಾತ್ರವಲ್ಲ, ದಾಖಲೆ ಸರಿಯಿಲ್ಲದೆಯೂ ಹಣ ಹೋಗುತ್ತದೆ. ನಿವೃತ್ತಿಗೆ ಐದು ವರ್ಷ ಉಳಿದಿರುವ ಸದಸ್ಯರ ಪಟ್ಟಿ ಮಾಡಿ, ಭಾನುವಾರ ಕೂರಿಸಿ, ಒಬ್ಬೊಬ್ಬರ ಪಾಸ್‌ಬುಕ್ ತೆಗೆಸಿ.

ಪಿಂಚಣಿ ಕಾಲಂ ನೋಡಿ. ಮಿತಿಯಷ್ಟು ಅಥವಾ ಹೆಚ್ಚು ಸಂಬಳ ಇದ್ದವರಿಗೆ 2001ರ ಮೇ ಕೊನೆಯವರೆಗೆ ₹417, ಅಲ್ಲಿಂದ 2014ರ ಆಗಸ್ಟ್‌ವರೆಗೆ ₹541, ಆಮೇಲೆ ₹1,250 ಇರಬೇಕು. ಸೊನ್ನೆ ಕಂಡರೆ ಕಾರಣ ಹುಡುಕಿ. ಕೆಲಸ ಬದಲಿಸಿದಾಗ ಹೊಸ ಕಂಪನಿಯ ಫಾರಂ 11ರಲ್ಲಿ ‘ಹಿಂದೆ ಪಿಂಚಣಿ ಸದಸ್ಯತ್ವ ಇಲ್ಲ’ ಎಂದು ಯಾರೋ ಟಿಕ್ ಮಾಡಿರುವುದೇ ಹೆಚ್ಚಾಗಿ ಕಾರಣ. ಮೊದಲಿಂದ ಸದಸ್ಯರಾಗಿದ್ದವರು ₹15,000ಕ್ಕಿಂತ ಹೆಚ್ಚು ಸಂಬಳಕ್ಕೆ ಸೇರಿದಾಗ ಇದು ತುಂಬ ಆಗುತ್ತದೆ. ಪೂರ್ತಿ ಪಾಲು ಪಿಎಫ್‌ಗೆ ಹೋಗಿ, ಖಾತೆ ತುಂಬಿದಂತೆ ಕಂಡು, ಸೇವೆಯ ವರ್ಷಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಸರಿಪಡಿಸಲು ಹಳೆಯ ಸದಸ್ಯತ್ವದ ಪುರಾವೆ ಮತ್ತು ಈಗಿನ ಮಾಲೀಕರ ಪತ್ರ ಎರಡೂ ಬೇಕು. ಕಂಪನಿ ಮುಚ್ಚಿದ ಮೇಲೆ ಈ ಪತ್ರಕ್ಕೆ ಸಹಿ ಹಾಕುವವರು ಸಿಗುವುದಿಲ್ಲ, ಆದ್ದರಿಂದ ಇಂದೇ ಮಾಡಿಸಿ.

ಖಾತೆ ವರ್ಗಾವಣೆ ಆದಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಹಳೆಯ ಪಿಂಚಣಿ ಮೊತ್ತ ಸೊನ್ನೆ ಕಂಡರೆ ಮಾತ್ರ ಗಾಬರಿ ಬೇಡ. ಪಿಂಚಣಿಗೆ ಹಣ ವರ್ಗವಾಗುವುದಿಲ್ಲ, ಸೇವೆ ವರ್ಗವಾಗುತ್ತದೆ. ಅದು ಸೇರಿದೆಯೇ ಎಂದು ಅನುಬಂಧ ಕೆ (ಖಾತೆ ವರ್ಗಾವಣೆಯ ವಿವರ ಇರುವ) ಪತ್ರದಲ್ಲಿ ನೋಡಿ. ಅಲ್ಲೇ ವಂತಿಗೆ ಇಲ್ಲದ ದಿನಗಳ ಸಂಖ್ಯೆಯೂ ಇರುತ್ತದೆ. ಲೇ–ಆಫ್, ಸಂಬಳವಿಲ್ಲದ ರಜೆ, ಮುಷ್ಕರದ ದಿನಗಳನ್ನು ಕಂಪನಿ ಎಷ್ಟು ತೋರಿಸಿದೆಯೋ ಅಷ್ಟು ಸೇವೆ ಕಡಿಮೆಯಾಗುತ್ತದೆ. ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ.

ಕಂಪನಿ ಕಟ್ಟುತ್ತಿದೆಯೇ ಎಂದು ತಿಳಿಯಲು ಮ್ಯಾನೇಜ್‌ಮೆಂಟನ್ನು ಕೇಳಿಕೊಂಡು ಕೂರಬೇಕಿಲ್ಲ. ಪಿಎಫ್ ಮತ್ತು ಈ ಪಿಂಚಣಿಯನ್ನು ನಡೆಸುವ ಇಪಿಎಫ್‌ಒ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಕಂಪನಿಯ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳ ಹಣ ಯಾವ ದಿನ ಜಮೆಯಾಯಿತು, ಎಷ್ಟು ನೌಕರರಿಗೆ ಎಂಬುದು ಕಾಣುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡು ತಿಂಗಳು ತಪ್ಪಿದರೆ ಸಂಬಳದ ಚೀಟಿಗಳ ನಕಲು ಲಗತ್ತಿಸಿ ಪ್ರಾದೇಶಿಕ ಆಯುಕ್ತರಿಗೆ ಯೂನಿಯನ್ ಲೆಟರ್‌ಹೆಡ್‌ನಲ್ಲಿ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಒಬ್ಬಿಬ್ಬರಲ್ಲ, ಇಪ್ಪತ್ತು ಪ್ರಕರಣಗಳನ್ನು ಒಂದೇ ಫೈಲ್‌ನಲ್ಲಿ ಒಯ್ಯಿರಿ. ಒಂದೇ ಕಂಪನಿಯ ತಪ್ಪು ಎಂಬುದು ಆಗ ಅಧಿಕಾರಿಗೆ ಎದ್ದು ಕಾಣುತ್ತದೆ.

2022ರ ತೀರ್ಪಿನ ಹೆಚ್ಚಿನ ಪಿಂಚಣಿಗೆ, ಅಂದರೆ ಮಿತಿಯ ಬದಲು ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕುವ ಪಿಂಚಣಿಗೆ, ಸದಸ್ಯರು ಅರ್ಜಿ ಹಾಕುವ ಅವಧಿ 2023ರ ಜುಲೈ 11ಕ್ಕೆ ಮುಗಿದಿದೆ. ಈಗ ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎಂದು ಬರುವವರನ್ನು ಗೇಟಿನಲ್ಲೇ ವಾಪಸ್ ಕಳಿಸಿ.

ನಿಧಿಯ ಬಗ್ಗೆ ಏನು ಕೇಳಬೇಕು

ಯೋಜನೆಯ 32ನೇ ಪ್ಯಾರಾ ಪ್ರಕಾರ ಪ್ರತಿ ವರ್ಷ ಮೌಲ್ಯಮಾಪನ ಆಗಬೇಕು. ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಇತ್ತೀಚಿನ ವರದಿಯ ನಕಲು ಕೇಳಿ. ‘ಕೊರತೆ ಏಕೆ ಆಯಿತು’ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಆ ಕಾಯ್ದೆಯಡಿ ಸಿಗುವುದು ದಾಖಲೆ ಮಾತ್ರ. ಆದ್ದರಿಂದ ವರದಿ, ಅದರಲ್ಲಿ ಬಳಸಿದ ಬಡ್ಡಿದರ, ಆಯುಸ್ಸಿನ ಪಟ್ಟಿ, ಸಂಬಳ ಏರಿಕೆಯ ಅಂದಾಜು ಎಂದು ಹೆಸರಿಸಿಯೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಬಂದ ಕಾಗದವನ್ನು ನಿಮ್ಮ ಕೇಂದ್ರ ಸಂಘಟನೆಗೆ ಕಳಿಸಿ. ಇಪಿಎಫ್‌ಒ ಆಡಳಿತ ನೋಡಿಕೊಳ್ಳುವ ಕೇಂದ್ರ ಟ್ರಸ್ಟಿ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು 10 ಜನ ಇದ್ದಾರೆ, ಪ್ರಶ್ನೆ ಅವರ ಬಾಯಲ್ಲಿ ಬರಬೇಕು.

ಬೇಡಿಕೆ ಬರೆಯುವಾಗ ಹಣದ ಮೂಲವನ್ನೂ ಬರೆಯಿರಿ. 2014ರಿಂದ ₹1,000 ಇರುವ ಕನಿಷ್ಠ ಪಿಂಚಣಿಗೆ ಕಡಿಮೆ ಬೀಳುವ ಹಣವನ್ನು ಸರ್ಕಾರ ಬಜೆಟ್‌ನಿಂದ ಕೊಡುತ್ತಿದೆ, ನಿಧಿಯಿಂದಲ್ಲ. ಹಾಗಾಗಿ ‘ನಿಧಿಯಲ್ಲಿ ಕೊರತೆಯಿದೆ, ಕನಿಷ್ಠ ಪಿಂಚಣಿ ಏರಿಸಲಾಗದು’ ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ. ಸಂಬಳದ ಮಿತಿ ಏರಿಸಿ ಎಂದು ಕೇಳುವಾಗ ಸರ್ಕಾರದ 1.16% ಪಾಲನ್ನೂ ಏರಿಸಿ ಎಂದು ಸೇರಿಸಿ. ಇಲ್ಲದಿದ್ದರೆ ಇನ್ನೊಂದು ಸೂತ್ರ ಬದಲಾವಣೆಗೆ ನಾವೇ ಕಾರಣ ಕೊಟ್ಟಂತೆ. ಬೀದಿಯ ಒತ್ತಡಕ್ಕೆ ಫಲವಿಲ್ಲ ಎನ್ನುವವರಿಗೆ 2016ರ ಏಪ್ರಿಲ್ ನೆನಪಿಸಿ. ಪಿಎಫ್ ಹಿಂಪಡೆಯಲು ಹಾಕಿದ್ದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದ ಎರಡೇ ದಿನದಲ್ಲಿ ಕೇಂದ್ರ ಆ ಆದೇಶ ಹಿಂಪಡೆಯಿತು.

ವೇತನ ಒಪ್ಪಂದದ ಮೇಜಿನ ಮೇಲೆ ಗೆಲ್ಲಬಹುದಾದದ್ದೂ ಇದೆ. ಬೇಸಿಕ್ ಮತ್ತು ಡಿಎ ಸೇರಿ ₹30,000 ಇರುವಲ್ಲಿ ಕಂಪನಿ ₹15,000ದ ಮೇಲೆ ಮಾತ್ರ 12% ಕಟ್ಟಿದರೆ, ಪಿಂಚಣಿ ಪಾಲು ಕಳೆದು ಪಿಎಫ್‌ಗೆ ಬರುವುದು ₹550. ಪೂರ್ತಿ ಸಂಬಳದ ಮೇಲೆ ಕಟ್ಟಿದರೆ ₹2,350. ತಿಂಗಳಿಗೆ ₹1,800 ವ್ಯತ್ಯಾಸ. ಈ ಹಣ ಸದಸ್ಯರ ಹೆಸರಿನಲ್ಲೇ ಕೂರುತ್ತದೆ, ಪಿಂಚಣಿ ನಿಧಿಯ ಕೊರತೆ ಅದನ್ನು ಮುಟ್ಟುವುದಿಲ್ಲ. ಆದರೆ ಸದಸ್ಯರಿಂದಲೂ ಅಷ್ಟೇ ಹೆಚ್ಚು ಕಡಿತವಾಗುತ್ತದೆ. ಕೈಗೆ ಬರುವ ಸಂಬಳ ₹1,800 ಇಳಿಯುತ್ತದೆ ಎಂಬುದನ್ನು ಸಹಿಗೆ ಮುಂಚೆ ಸಾಮಾನ್ಯ ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.